ರಸಬಾಳೆ ಕಂದು ಹುಡ್ಕಿದ್ದು

ಬಾಳೆ ಇಲ್ಲದ್ದ ಹವ್ಯಕರ ಮನೆ ಇಲ್ಲೆ ಹೇಳಿರೂ ಅಕ್ಕು. ಉಂಬಲೆ ಕೊಡಿಬಾಳೆ, ದೇವರಿಂಗೆ ಹಣ್ಣು, ತಾಳಿಂಗೆ ಕಾಯಿ, ಚಟ್ನಿಗೆ ಕುಂಡಿಗೆ, ಸಾಸಮೆಗೆ ದಂಡು, ಅಕೇರಿಗೆ ಒಳುದ್ದು ದನಗೊಕ್ಕೆ. ಎಂಗಳ ಅಡಕ್ಕೆ ತೋಟದ ಎಡೆಲಿಯೂ ಮೈಸೂರು, ಕದಳಿ, ನೇಂದ್ರ, ಬೂದಿಬಾಳೆ ಎಲ್ಲ ಇದ್ದು. ಇಲ್ಲದ್ದದು ಒಂದೇ, ರಸಬಾಳೆ.

ಮದಲು ಇತ್ತಡ. ಮಾವ ಒಂದಾರಿ ಮೈಸೂರು ಹೊಡೆಂಗೆ ಹೋಗಿಪ್ಪಗ ಗೋಣಿಲಿ ಕಟ್ಟಿ ಎರಡು ಕಂದು ತಂದು ನೆಟ್ಟಿತ್ತಿದ್ದವಡ. ಏಳೆಂಟು ವರ್ಷ ಲಾಯಿಕಲ್ಲಿ ಗೊನೆ ಹಾಕಿತ್ತಡ. ಮತ್ತೆ ಒಂದು ಮಳೆಗಾಲ ಕಳುದ ಮೇಲೆ ಅಡಿಯಾಣ ಎಲೆ ಅರಿಶಿನ ಬಣ್ಣ ಆಗಿ, ಬುಡಲ್ಲಿ ಸೀಳಿ, ಒಂದೊಂದೇ ಗೆಡು ಬಾಡಿ ಹೋತು. ಹೊಸ ಕಂದು ತಂದು ಅದೇ ಗುಂಡಿಲಿ ನೆಟ್ಟರೂ ಬದುಕಿದ್ದಿಲ್ಲೆಡ. ಆನು ಮದುವೆ ಆಗಿ ಈ ಮನೆಗೆ ಬಪ್ಪಗ ಅದರ ಬುಡವೂ ಇತ್ತಿಲ್ಲೆ, ಹೆಸರು ಮಾಂತ್ರ ಒಳುದಿತ್ತು. "ಬಾಳೆಹಣ್ಣಿನ ರಸಾಯನ ಹೇಳಿರೆ ರಸಬಾಳೆದೇ" ಹೇಳಿ ಅತ್ತೆ ಪ್ರತಿ ಜೆಂಬ್ರಲ್ಲಿಯೂ ಒಂದಾರಿ ಹೇಳುಗು. ಅತ್ತೆಗೆ ಈಗ 84 ವರ್ಷ. ಇನ್ನು ತಡವು ಮಾಡ್ಲಾಗ ಹೇಳಿ ಗ್ರೇಶಿ ಆನು ಈ ಬಾಳೆಯ ಹುಡ್ಕಲೆ ಹೆರಟೆ.

ಹುಡ್ಕಿಂಡು ಹೋಪಗ ಬಾಳೆಂದ ಮದಲು ಸಿಕ್ಕಿದ್ದು ಅದರ ಚರಿತ್ರೆ. ಸಿಕ್ಕಿದ ಪುಸ್ತಕ, ಪೇಪರು ಓದಿ, ತೋಟದ ಕೆಲಸ ಗೊಂತಿಪ್ಪವರ ಹತ್ತರೆ ಕೇಳಿ ತಿಳ್ಕೊಂಡದರ ಇಲ್ಲಿ ಬರೆತ್ತೆ. ಈ ಚರಿತ್ರೆ ಗೊಂತಿಲ್ಲದ್ದರೆ ಏವ ಕಂದಿನ ಮನೆಗೆ ತಪ್ಪಲಕ್ಕು, ಏವದರ ತಪ್ಪಲಾಗ ಹೇಳಿ ಎನಗೆ ತಿಳಿತ್ತಿತ್ತಿಲ್ಲೆ.

ರಸಬಾಳೆ ನೋಡದ್ದವಕ್ಕೆ ಒಂದು ಮಾತು. ಹಣ್ಣು ನೇಂದ್ರದಷ್ಟು ಉದ್ದ ಇಲ್ಲೆ, ಕದಳಿಯಷ್ಟು ಸಣ್ಣವೂ ಅಲ್ಲ. ಚೋಲಿ ತೆಳು. ಪೂರಾ ಹಣ್ಣಾದರೆ ಅರಿಶಿನ ಬಣ್ಣದ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಬೀಳ್ತು. ಒಳ ಬೆಳಿ ತಿರುಳು, ಸೀವಿನೊಟ್ಟಿಂಗೆ ರಜಾ ಹುಳಿ, ಅಟ್ಟುಂಬೊಳ ಮಡುಗಿರೆ ಪರಿಮ್ಮಳ ಜಾಲಿಂಗೆ ಬಕ್ಕು. ಆದರೆ ಹೆಚ್ಚು ಹಣ್ಣಾದರೆ ಗೊನೆಂದ ತನ್ನಷ್ಟಕ್ಕೇ ಉದುರ್ತು. ಕೆಲವು ಹಣ್ಣಿನ ಒಳ ಬೇಯದ್ದ ಕೆಸವಿನ ಹಾಂಗಿಪ್ಪ ಗಟ್ಟಿ ಇಕ್ಕು. ಲಾರಿಲಿ ಹಾಕಿ ದೂರಕ್ಕೆ ಕಳುಸುವವಕ್ಕೆ ಇದು ಹಿಡಿಶುತ್ತಿಲ್ಲೆ. ಮನೆ ಖರ್ಚಿಂಗೆ ಆದರೆ ಇದರಿಂದ ಲಾಯಿಕದ್ದು ಇಲ್ಲೆ.

ಇದಕ್ಕೆ ಹೆಸರು ತಂದು ಕೊಟ್ಟದು ಮೈಸೂರು ಜಿಲ್ಲೆಯ ನಂಜನಗೂಡು. ಕಪಿಲಾ ಹೊಳೆಯ ಕರೆ, ಶ್ರೀಕಂಠೇಶ್ವರನ ಊರು. ಅಲ್ಯಾಣ ದೇವರಸನಹಳ್ಳಿ ಈ ಬಾಳೆಗೆ ಹೆಸರು ಹೋದ ಜಾಗೆ. ಆ ಸೀಮೆಯ ಕಪ್ಪು ಮಣ್ಣಿಲ್ಲಿ ಬೆಳದ ಹಣ್ಣಿನ ರುಚಿ ಬೇರೆ ಕಡೆಲಿ ಬತ್ತಿಲ್ಲೆ ಹೇಳಿ ಬೆಳೆಶುವವು ಹೇಳ್ತವು. ಕರ್ನಾಟಕದ ತೋಟಗಾರಿಕೆ ಇಲಾಖೆ ಅರ್ಜಿ ಹಾಕಿದ ಮೇಲೆ 2005ರಲ್ಲಿ ನಂಜನಗೂಡು ಬಾಳೆಗೆ ಜಿಐ, ಹೇಳಿರೆ ಭೌಗೋಳಿಕ ಸೂಚಕ ಹೇಳ್ತ ಮಾನ್ಯತೆ ಸಿಕ್ಕಿತ್ತು. ಮೈಸೂರು ವೀಳ್ಯದೆಲೆಗೆ, ಕೊಡಗಿನ ಕಿತ್ತಳೆಗೆ ಸಿಕ್ಕಿದ್ದೂ ಅದೇ ಹೊತ್ತಿಂಗೆ. ಅಂಬಗ ಆ ಹೆಸರು ಆ ಸೀಮೆಲಿ ಬೆಳದ ಹಣ್ಣಿಂಗೆ ಮಾಂತ್ರ. ಎಂಗಳ ತೋಟಲ್ಲಿ ಬೆಳದರೆ ಅದರ ರಸಬಾಳೆ ಹೇಳ್ಲಕ್ಕು, ನಂಜನಗೂಡು ರಸಬಾಳೆ ಹೇಳಿ ಪೇಟೆಲಿ ಮಾರ್ಲಾಗ. ತಿಂಬಲೆ ಏನೂ ತೊಂದರೆ ಇಲ್ಲೆ!

ಬೇಜಾರದ ವಿಷಯ ಎಂತ ಹೇಳಿರೆ, ಹೆಸರಿಂಗೆ ಮಾನ್ಯತೆ ಸಿಕ್ಕುವಗ ಬಾಳೆ ಅಲ್ಲಿಯೇ ಅಪರೂಪ ಆಗಿತ್ತು. ಎಂಗಳ ತೋಟಲ್ಲಿ ಮಾವ ನೋಡಿದ ಬಾಡು ರೋಗವೇ ನಂಜನಗೂಡಿನ ತೋಟಂಗಳನ್ನೂ ಹಾಳು ಮಾಡಿತ್ತು. ಬೆಳೆಶುವವು ಮೆಲ್ಲಂಗೆ ಬೇರೆ ಬಾಳೆಗೆ, ಬೇರೆ ಬೆಳೆಗೆ ಹೋದವು.

ಬದನೆಯೋ ಸೌತೆಯೋ ಆದರೆ ಹಳೆ ತಳಿ ಹಾಂಗೆ ಪಕ್ಕನೆ ಹೋಗ. ನಾಲ್ಕು ಬಿತ್ತಿನ ಬೂದಿಲಿ ಹೊರಳ್ಸಿ ಕುಪ್ಪಿಲಿ ಹಾಕಿ ಮಡುಗಿರೆ ಬಪ್ಪ ವರ್ಷಕ್ಕೆ ಆತು. ಬಾಳೆಗೆ ಬಿತ್ತಿಲ್ಲೆ. ಅದೆಂತಕೆ ಹೇಳಿ ಆನು ಸಣ್ಣಾದಿಪ್ಪಗ ಕೇಳಿತ್ತಿದ್ದೆ, ಆರೂ ಸರಿ ಉತ್ತರ ಕೊಟ್ಟಿತ್ತಿಲ್ಲೆ.

ನಾವು ತಿಂಬ ಬಾಳೆಗಳ ಮೂಲ ಎರಡು ಕಾಡುಬಾಳೆ. ಒಂದು ಮೂಸಾ ಅಕ್ಯುಮಿನಾಟ, ಇನ್ನೊಂದು ಮೂಸಾ ಬಾಲ್ಬಿಸಿಯಾನ. ಎರಡರ ಹಣ್ಣಿಲ್ಲಿಯೂ ಕಲ್ಲಿನ ಹಾಂಗಿಪ್ಪ ಬಿತ್ತೇ ತುಂಬಿಗೊಂಡಿಕ್ಕು. ಪಪುವಾ ನ್ಯೂಗಿನಿ ದೇಶದ ಕುಕ್ ಹೇಳ್ತ ಜೌಗು ಜಾಗೆಲಿ ಸುಮಾರು 7000 ವರ್ಷ ಹಿಂದೆಯೇ ಬಾಳೆ ನೆಟ್ಟು ಬೆಳೆಶಿದ ಗುರ್ತ ಮಣ್ಣಿನೊಳ ಸಿಕ್ಕಿದ್ದು. ಹಾಂಗೆ ನೆಟ್ಟೂ ನೆಟ್ಟೂ ಬಪ್ಪಗ ಬಿತ್ತು ಕಮ್ಮಿ ಇಪ್ಪ, ತಿರುಳು ಹೆಚ್ಚಿಪ್ಪ ಗೆಡುವಿನ ಜೆನಂಗೊ ಹೆರ್ಕಿ ಹೆರ್ಕಿ ಒಳುಶಿದವು. ಆ ಎರಡು ಜಾತಿಗೊ ಸೇರಿ ಹೊಸ ಬಾಳೆಗೊ ಹುಟ್ಟಿದವು. 1955ರಲ್ಲಿ ಸಿಮ್ಮಂಡ್ಸ್ ಮತ್ತೆ ಶೆಫರ್ಡ್ ಹೇಳ್ತ ಇಬ್ರು ವಿಜ್ಞಾನಿಗೊ ಇದಕ್ಕೆ ಒಂದು ಲೆಕ್ಕ ಮಾಡಿದವು. ಅಕ್ಯುಮಿನಾಟದ ಪಾಲಿಂಗೆ 'ಎ', ಬಾಲ್ಬಿಸಿಯಾನದ ಪಾಲಿಂಗೆ 'ಬಿ'. ರಸಬಾಳೆ 'ಎಎಬಿ', ಹೇಳಿರೆ ಎರಡು ಪಾಲು ಸುರುವಾಣದ್ದು, ಒಂದು ಪಾಲು ಎರಡ್ನೇದು. ಪಾಲು ಮೂರು ಇದ್ದರೆ ಸಮಕ್ಕೆ ಎರಡು ಭಾಗ ಅಪ್ಪಲೆ ಎಡಿಯ, ಹಾಂಗಾಗಿ ಬಿತ್ತು ಕಟ್ಟುತ್ತಿಲ್ಲೆ. ಹಣ್ಣು ಕೊರದು ನೋಡಿರೆ ನೆಡುಗೆ ಕಾಂಬ ಸಣ್ಣ ಕಪ್ಪು ಚುಕ್ಕೆ ಇದ್ದಲ್ದಾ, ಬಿತ್ತಾಗದ್ದೆ ಒಳುದ್ದದು ಅದು.

ನಮ್ಮ ಘಟ್ಟದ ಪಾದೆಗಳ ಮೇಲೆ ಬಪ್ಪ ಕಲ್ಲುಬಾಳೆ ಇದಕ್ಕೆ ಸರೀ ಉಲ್ಟಾ. ಅದು ಕಂದು ಹಾಕ್ತಿಲ್ಲೆ, ಬಿತ್ತಿಂದಲೇ ಹುಟ್ಟೆಕ್ಕು. ಅದರ ಕಾಡೇ ನೋಡಿಗೊಳ್ತು. ತೋಟದ ಬಾಳೆಯ ಮನುಷ್ಯರೇ ನೋಡೆಕ್ಕು. ಗೊನೆ ಕಡುದ ಮೇಲೆ ಅಬ್ಬೆ ಬಾಳೆ ಸಾಯ್ತು, ಬುಡದ ಕಂದು ಏಳ್ತು. ಆ ಕಂದಿನ ಆರಾರು ಒಕ್ಕಿ ತೆಗದು ಇನ್ನೊಂದಿಕ್ಕೆ ನೆಟ್ಟರೆ ಮಾಂತ್ರ ಬಾಳೆ ಊರಿಂದ ಊರಿಂಗೆ ಹೋಪದು. ಹಾಂಗಾಗಿ ಮಾವ ನೆಟ್ಟ ರಸಬಾಳೆ, ನಂಜನಗೂಡಿನ ರಸಬಾಳೆ, ಅದಕ್ಕೂ ಮದಲು ಇನ್ನೆಲ್ಲಿಯೋ ಇದ್ದ ರಸಬಾಳೆ, ಎಲ್ಲ ಒಂದೇ ಗೆಡು. ಅಬ್ಬೆ, ಮಗಳು, ಪುಳ್ಳಿ ಹೇಳ್ತ ಸಂಬಂಧವೂ ಅಲ್ಲ, ಅದುವೇ. ಈ ಒಂದು ಮಾತಿನ ನೆಂಪು ಮಡಿಕ್ಕೊಳ್ಳಿ, ಅಕೇರಿಗೆ ಎನಗೆ ಇದುವೇ ಉಪಕಾರಕ್ಕೆ ಬಂತು.

ಹುಡ್ಕುವಾಗ ಸುರುವಿಂಗೆ ತೊಂದರೆ ಕೊಟ್ಟದು ಹೆಸರು. ಕೈಂದ ಕೈಗೆ ಹೋದ ವಸ್ತುವಿಂಗೆ ಪ್ರತಿ ಊರಿಲ್ಲಿಯೂ ಒಂದು ಹೆಸರು. ತಮಿಳುನಾಡಿಲ್ಲಿ ಇದು ರಸ್ತಾಳಿ. ಆಂಧ್ರಲ್ಲಿ ಅಮೃತಪಾಣಿ. ಬಿಹಾರ, ಅಸ್ಸಾಮಿಲ್ಲಿ ಮಾಲ್‌ಭೋಗ್. ಬಂಗಾಳಲ್ಲಿ ಮರ್ತಮಾನ್. ಬರ್ಮಾ ದೇಶದ ಮರ್ತಬಾನ್ ಹೇಳ್ತ ಬಂದರಿನ ಹೆಸರೇ ಹಾಂಗೆ ಆದ್ದು ಹೇಳ್ತವು. ಆ ಹೆಸರಿಲ್ಲಿ ಹಡಗಿನ ದಾರಿಯೂ ಇದ್ದು ನೋಡಿ. ಬ್ರೆಜಿಲ್ ದೇಶಲ್ಲಿ ಇದರ 'ಮಸಾ' ಹೇಳ್ತವು, ಹೇಳಿರೆ ಸೇಬು.

ಎಂಗಳ ಹತ್ತರಾಣ ಕೇರಳಲ್ಲಿ ಇದಕ್ಕೆ ಪೂವನ್ ಹೇಳ್ತವು. ಆದರೆ ತಮಿಳುನಾಡಿಲ್ಲಿ ಪೂವನ್ ಹೇಳಿರೆ ಬೇರೆಯೇ ಬಾಳೆ, ಎಂಗೊ ಮೈಸೂರು ಹೇಳುವ ಜಾತಿ. ವಿಜ್ಞಾನಿಗಳ ಪಟ್ಟಿಲಿಯೂ ಆ ಗುಂಪಿಂಗೆ 'ಮೈಸೂರು' ಹೇಳಿಯೇ ಹೆಸರು. ಈ ಗೊಂದಲಂದ ಎಂಗೊಗೆ ಒಂದು ವರ್ಷ ಹೋತು. ಒಂದು ನರ್ಸರಿಲಿ ರಸಬಾಳೆ ಹೇಳಿ ಮೂರು ಕಂದು ಕೊಟ್ಟವು. ಗೊಬ್ಬರ ಹಾಕಿ, ನೀರು ಕೊಟ್ಟು, ಊರೆ ಕೊಟ್ಟು ಸಾಂಕಿ, ಗೊನೆ ಬಂದಪ್ಪಗ ನೋಡ್ತೆ, ಮೈಸೂರು! ಕೇಳಿದ್ದಕ್ಕೆ "ಎಂಗೊಗೆ ತಂದು ಕೊಟ್ಟವು ಪೂವನ್ ಹೇಳಿ ಕೊಟ್ಟದು" ಹೇಳಿದವು. ಅದು ಏವ ರಾಜ್ಯದ ಪೂವನ್ ಹೇಳಿ ಅವು ಕೇಳಿದ್ದವಿಲ್ಲೆ.

ಅಷ್ಟಪ್ಪಗ ಗೊನೆಯ ಕಾಯದ್ದೆ ಗುರ್ತ ಹಿಡಿವಲೆ ಕಲ್ತೆ. ರಸಬಾಳೆಯ ಎಲೆದಂಟಿನ ಕರೆಲಿ ಕೆಂಪು ಛಾಯೆ ಇರ್ತು. ಕಂಬದ ಬಣ್ಣ ಅರಿಶಿನ ಕೂಡಿದ ಪಚ್ಚೆ, ಅದರ ಮೇಲೆ ಕಂದು ಬಣ್ಣದ ಮಚ್ಚೆ. ಆರೂ "ಇದು ರಸಬಾಳೆ" ಹೇಳಿರೆ ಆನು ಈಗ ಹೆಸರು ಕೇಳ್ತಿಲ್ಲೆ, ಎಲೆದಂಟು ನೋಡ್ತೆ.

ಅಪರೂಪದ ಬಾಳೆಯ ಹಿಂದೆ ಹೋದವು ನಾವು ಮಾಂತ್ರ ಅಲ್ಲ. ಪಿಯುಸಿಲಿ ಆನು ಮೂಸಾ ಪ್ಯಾರಡಿಸಿಯಾಕ ಹೇಳಿ ಬಾಯಿಪಾಠ ಮಾಡಿದ ಹೆಸರಿನ ಮಡುಗಿದ್ದು ಸ್ವೀಡನ್ನಿನ ಲಿನೇಯಸ್. 1736ರಲ್ಲಿ ಅವ ಹಾಲೆಂಡಿಲ್ಲಿ ಜಾರ್ಜ್ ಕ್ಲಿಫರ್ಡ್ ಹೇಳ್ತ ಶ್ರೀಮಂತನ ತೋಟ ನೋಡಿಗೊಂಡಿತ್ತಿದ್ದ. ಆ ಚಳಿ ದೇಶಲ್ಲಿ ಬೆಚ್ಚಂಗೆ ಮಾಡಿದ ಮನೆಯೊಳ ಬಾಳೆ ನೆಟ್ಟು, ರಜಾ ಸಮಯ ನೀರು ಕೊಡದ್ದೆ ಒಣಗ್ಸಿ, ಮತ್ತೆ ಮಳೆಗಾಲದ ಹಾಂಗೆ ಧಾರಾಳ ನೀರು ಕೊಟ್ಟು ಹೂಗು ಬಿಡ್ಸಿದ. ಆ ಒಂದು ಬಾಳೆಯ ಬಗ್ಗೆ ಅದೇ ವರ್ಷ ಒಂದು ಪುಸ್ತಕವನ್ನೇ ಬರದ. ಸ್ವರ್ಗದ ತೋಟಲ್ಲಿ ಇದ್ದ ಹಣ್ಣು ಇದುವೇ ಆದಿಕ್ಕು ಹೇಳ್ತ ಆಲೋಚನೆಂದ 'ಪ್ಯಾರಡಿಸಿಯಾಕ' ಬಂದದು.

ಅದಾಗಿ ನೂರು ವರ್ಷ ಕಳುದ ಮೇಲೆ ಇಂಗ್ಲೆಂಡಿನ ಚಾಟ್ಸ್‌ವರ್ತ್ ಅರಮನೆಲಿ ಜೋಸೆಫ್ ಪ್ಯಾಕ್ಸ್ಟನ್ ಹೇಳ್ತ ತೋಟಗಾರ ಮಾರಿಷಸ್ಸಿಂದ ಬಂದ ಒಂದು ಗಿಡ್ಡ ಬಾಳೆಯ ಸಂಪಾದ್ಸಿ ಗಾಜಿನ ಮನೆಲಿ ಬೆಳೆಶಿದ. ಅದು 1830ರ ದಶಕ. ಅವನ ಧಣಿಗಳ ಮನೆತನದ ಹೆಸರು ಕ್ಯಾವೆಂಡಿಶ್, ಬಾಳೆಗೂ ಅದೇ ಹೆಸರಾತು. ಜಾನ್ ವಿಲಿಯಮ್ಸ್ ಹೇಳ್ತ ಪಾದ್ರಿ ಅದರ ಕಂದಿನ ಹಡಗಿಲಿ ಸಮೋವಾ ದ್ವೀಪಕ್ಕೆ ಕೊಂಡೋದವು, ಅಲ್ಲಿಂದ ಬೇರೆ ದ್ವೀಪಂಗೊಕ್ಕೆ ಹೋತು. ನಮ್ಮ ಪೇಟೆಲಿ ಈಗ ಎಲ್ಲಿ ನೋಡಿರೂ ಕಾಂಬ ಪಚ್ಚಬಾಳೆ, ಜಿ-9 ಎಲ್ಲ ಈ ಕ್ಯಾವೆಂಡಿಶ್ ಗುಂಪಿನವೇ.

ಹಾಂಗೇ ಇನ್ನೊಂದು ಬಾಳೆ ಗ್ರೋ ಮಿಷೆಲ್. ಅದರ ಫ್ರಾನ್ಸಿನವು ಏಷ್ಯಾದ ಹೊಡೆಂದ ಮಾರ್ಟಿನಿಕ್ ದ್ವೀಪಕ್ಕೆ ಕೊಂಡೋಗಿತ್ತಿದ್ದವು. 1835ರ ಹೊತ್ತಿಂಗೆ ಪೂಯಾ ಹೇಳ್ತವ ಅಲ್ಲಿಂದ ಜಮೈಕಾಕ್ಕೆ ತಂದ. ದಪ್ಪ ಚೋಲಿ, ಹಡಗಿಲಿ ಹಾಕಿರೂ ಹಾಳಾಗದ್ದ ಹಣ್ಣು. ಅಮೇರಿಕ, ಯುರೋಪಿಂಗೆ ಹೋಪ ವ್ಯಾಪಾರ ಪೂರಾ ಆ ಒಂದು ಬಾಳೆಯ ಮೇಲೆ ನಿಂದತ್ತು. ಮಧ್ಯ ಅಮೇರಿಕಲ್ಲಿ ಕಾಡು ಕಡುದು ಮೈಲುಗಟ್ಳೆ ಅದನ್ನೇ ನೆಟ್ಟವು.

ಇಲ್ಲಿ ಕತೆ ಎಂಗಳ ತೋಟಕ್ಕೆ ತಾಗಿಗೊಂಡು ಬತ್ತು. ಬಾಳೆ ಬಾಡುವ ರೋಗವ ಸುರುವಿಂಗೆ ಬರದು ತಿಳುಶಿದ್ದು ಆಸ್ಟ್ರೇಲಿಯಲ್ಲಿ, 1876ರಲ್ಲಿ. ಮತ್ತೆ ಪನಾಮಾ ದೇಶದ ತೋಟಂಗಳಲ್ಲಿ ಜೋರು ಕಂಡ ಕಾರಣ ಪನಾಮಾ ರೋಗ ಹೇಳ್ತ ಹೆಸರು ಒಳುತ್ತು. ಇದು ಫ್ಯುಸೇರಿಯಂ ಹೇಳ್ತ ಶಿಲೀಂಧ್ರ. ಮಣ್ಣಿಲ್ಲಿದ್ದುಗೊಂಡು ಬೇರಿಲ್ಲಿ ಒಳ ಹೊಗ್ಗುತ್ತು, ನೀರು ಮೇಲೆ ಹೋಪ ನಾಳಂಗಳ ಕಟ್ಟುತ್ತು. ಬುಡಲ್ಲಿ ನೀರಿದ್ದರೂ ಎಲೆಗೆ ಎತ್ತುತ್ತಿಲ್ಲೆ, ಬಾಳೆ ಆಸರಿಲ್ಲಿಯೇ ಸಾಯ್ತು. ಗೆಡು ಸತ್ತ ಮೇಲೆಯೂ ಶಿಲೀಂಧ್ರ ಮಣ್ಣಿಲ್ಲಿ ದಶಕಗಟ್ಳೆ ಕಾದು ಕೂರ್ತು. ಮದ್ದು ಬಿಟ್ಟು ತೆಗವಲೆ ಎಡಿಯ. ಮಾವ ಅದೇ ಗುಂಡಿಲಿ ಹೊಸ ಕಂದು ನೆಟ್ಟರೂ ಬದುಕದ್ದದು ಎಂತಕೆ ಹೇಳಿ ಇಷ್ಟು ವರ್ಷ ಕಳುದು ಎನಗೆ ಅರ್ಥ ಆತು.

ಅಮೇರಿಕದ ಕಂಪೆನಿಗೊ ರೋಗ ಬಂದ ತೋಟವ ಬಿಟ್ಟು ಹೊಸ ಕಾಡು ಕಡುದು ನೆಟ್ಟವು. ಕಂದಿನೊಟ್ಟಿಂಗೆ ರೋಗವೂ ಅಲ್ಲಿಗೆ ಹೋತು. ಎಲ್ಲ ಗೆಡುವೂ ಒಂದೇ ಗೆಡು ಆದ ಮೇಲೆ ಒಂದಕ್ಕೆ ತಡವಲೆ ಎಡಿಯದ್ದದು ಇನ್ನೊಂದಕ್ಕೂ ಎಡಿಯ. 1960ರ ದಶಕ ಅಪ್ಪಗ ವ್ಯಾಪಾರಕ್ಕೆ ಗ್ರೋ ಮಿಷೆಲ್ ಇಲ್ಲದ್ದ ಹಾಂಗಾಗಿ, ಆ ರೋಗವ ತಡವ ಕ್ಯಾವೆಂಡಿಶ್ ಅದರ ಜಾಗೆಗೆ ಬಂತು. ಈಗ ರೋಗದ್ದೇ ಇನ್ನೊಂದು ರೂಪ ಎದ್ದು ಕ್ಯಾವೆಂಡಿಶ್ಶಿನನ್ನೂ ಹಿಡಿತ್ತಾ ಇದ್ದು. ಬಿಹಾರ, ಉತ್ತರ ಪ್ರದೇಶದ ತೋಟಂಗಳಲ್ಲಿಯೂ ಕಂಡು ಬೈಂದು.

ಗ್ರೋ ಮಿಷೆಲ್ಲಿನ ಮುಗುಶಿದ ರೂಪ ಇದ್ದಲ್ದಾ, ನಮ್ಮ ರಸಬಾಳೆಗೂ ಅದುವೇ ಮೃತ್ಯು. ಕೋಟಿಗಟ್ಳೆ ಪೈಸೆಯ ಕಂಪೆನಿಗೊ ಸೋತ ರೋಗದ ಎದುರು ದೇವರಸನಹಳ್ಳಿಯ ರೈತಂಗೊ, ಎಂಗಳ ಮಾವ ಎಲ್ಲ ಎಂತ ಮಾಡ್ಲೆ ಎಡಿಗು?

ಇದೆಲ್ಲ ತಲೆಲಿ ಇಪ್ಪಗಳೇ ಸುಳ್ಯ ಹೊಡೆಲಿ ಇವರ ಸಂಬಂಧಿಕರ ಒಂದು ಮನೆಲಿ ರಸಬಾಳೆ ಇದ್ದು ಹೇಳಿ ಗೊಂತಾತು. ಒಂದು ಆದಿತ್ಯವಾರ ಇವೂ ಆನೂ ಹೋದೆಯೊ. ಆ ಮನೆಯ ಅಕ್ಕಂಗೆ ಎಪ್ಪತ್ತು ದಾಂಟಿದ್ದು. ಹಟ್ಟಿ ಹಿಂದೆ ಐದಾರು ಬಾಳೆ. ಎಲೆದಂಟು ನೋಡಿದೆ, ಕೆಂಪು ಇತ್ತು. ರಸಬಾಳೆಯೇ! ಅವರ ಅತ್ತೆ ನೆಟ್ಟ ಬುಡದ್ದೇ ಕಂದುಗಡ, ಜಾಗೆ ಬದಲ್ಸಿ ಬದಲ್ಸಿ ಒಳುಶಿಗೊಂಡು ಬೈಂದವು.

ಎನಗೆ ಕೊಶಿಲಿ ಮಾತೇ ಬೈಂದಿಲ್ಲೆ. ಆದರೆ ಅಕ್ಕ ಪಿಕ್ಕಾಸಿನ ಮುಟ್ಟಿದ್ದಿಲ್ಲೆ.

"ಕೊಡ್ಲೆ ಬೇಜಾರಿಲ್ಲೆ ತಂಗೆ, ಆದರೆ ಅದಾ ಆ ಕರೆಯಾಣದ್ದರ ನೋಡು" ಹೇಳಿತ್ತು. ಒಂದು ಬಾಳೆಯ ಅಡಿಯಾಣ ಎಲೆಗೊ ಅರಿಶಿನ ಆಗಿ ಕಂಬಕ್ಕೆ ಜೋತುಗೊಂಡಿತ್ತು. ಅಕ್ಕ ಕತ್ತಿಲಿ ಅದರ ಬುಡವ ಅಡ್ಡಕ್ಕೆ ಕಡುದು ತೋರ್ಸಿತ್ತು. ಬೆಳಿ ಇರೆಕ್ಕಾದಲ್ಲಿ ಕೆಂಪು ಕೂಡಿದ ಕಂದು ಬಣ್ಣದ ಚುಕ್ಕೆಗೊ, ಬಳೆಯ ಹಾಂಗೆ ಸುತ್ತ. "ಇದರ ಕಂದು ನಿನ್ನ ತೋಟಕ್ಕೆ ಹೋದರೆ ನಾಳೆ ಕದಳಿಗೂ ಹಿಡುದಿಕ್ಕುಗು. ಮತ್ತೆ ನೀನು ಎನ್ನ ಹೆಸರು ಹೇಳುವೆ. ಹಣ್ಣು ಕೊಂಡೋಗು, ಕಂದು ಬೇಡ."

ಚೆಂದಕ್ಕೆ ಕಾಂಬ ಕಂದಿನೊಳವೂ ರೋಗ ಇಕ್ಕು ಹೇಳಿ ಎನಗೆ ಅಂಬಗ ಗೊಂತಿತ್ತು. ಅದು ಗಡಿ ದಾಂಟಿದ್ದೇ ಹಾಂಗೆ. ಸಮುದ್ರ ದಾಂಟಿದ ರೋಗ ಸುಳ್ಯಂದ ಎಂಗಳ ಮನೆಗೆ ಬಾರದ್ದೆ ಇಕ್ಕಾ? ಎರಡು ಚಿಪ್ಪು ಹಣ್ಣು ತೆಕ್ಕೊಂಡು, ಕಂದು ಬಿಟ್ಟು, ಚೆಪ್ಪಲಿಯ ಮಣ್ಣು ಅಲ್ಲಿಯೇ ತೊಳದು ಹೆರಟೆಯೊ. ಅತ್ತೆಗೆ ರಸಾಯನ ಆತು. ಎರಡು ಸರ್ತಿ ಹಾಕ್ಸಿಗೊಂಡವು.

ಬಾಳೆ ಮತ್ತೆ ಬಂದದು ಕುಪ್ಪಿಂದ. ಟಿಶ್ಯೂ ಕಲ್ಚರ್ ಹೇಳಿರೆ ಒಳ್ಳೆ ಕಂದಿನ ನೆಡುಗಾಣ ಸಣ್ಣ ಮೊಳಕೆಯ ಮಾಂತ್ರ ತೆಗದು, ಶುದ್ಧ ಮಾಡಿದ ಕುಪ್ಪಿಲಿ ಬೆಳೆಶಿ ಗೆಡು ಮಾಡುದು. ಅದಕ್ಕೆ ಮಣ್ಣು ಮುಟ್ಟಿರ್ತಿಲ್ಲೆ, ಹಾಂಗಾಗಿ ಮಣ್ಣಿನ ರೋಗವೂ ಒಟ್ಟಿಂಗೆ ಬತ್ತಿಲ್ಲೆ. ತಿರುಚಿರಾಪಳ್ಳಿಲಿ 1993ರಲ್ಲಿ ಸುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ದೇಶದ ಬಾಳೆ ತಳಿಗಳ ಸಂಗ್ರಹ ಮಾಡಿದ್ದು. ಬೆಲ್ಜಿಯಂ ದೇಶದ ಲ್ಯೂವೆನಿಲ್ಲಿ ಲೋಕದ ಬಾಳೆಗಳ 1500ಕ್ಕಿಂತ ಹೆಚ್ಚು ಮಾದರಿಗಳ ಗಾಜಿನ ನಳಿಗೆಗಳಲ್ಲಿ ಜೀವಲ್ಲಿ ಮಡುಗಿದ್ದವು. ಬಿತ್ತಿಲ್ಲದ್ದ ಬೆಳೆಗೆ ಬಿತ್ತಿನ ಕುಪ್ಪಿ ಹೇಳಿರೆ ಅದುವೇ. ನಂಜನಗೂಡಿಲ್ಲಿ ರಸಬಾಳೆಯ ಮತ್ತೆ ತಪ್ಪಲೆ ಹೆರಟವೂ ಟಿಶ್ಯೂ ಕಲ್ಚರ್ ಗೆಡುಗಳ ನೆಟ್ಟಿದವು.

ಎಂಗಳೂ ಅಂತಾ ಮೂರು ಗೆಡು ತರ್ಸಿದೆಯೊ. ಅತ್ತೆಗೆ ಸುರುವಿಂಗೆ ಸಮಾಧಾನ ಆಯಿದಿಲ್ಲೆ. "ಕುಪ್ಪಿಲಿ ಹುಟ್ಟಿದ್ದು ಮಾವ ತಂದ ಬಾಳೆಯ ಹಾಂಗೆ ಅಕ್ಕಾ?" ಹೇಳಿ ಕೇಳಿದವು. "ಹಾಂಗೆ ಅಪ್ಪದಲ್ಲ ಅತ್ತೆ, ಅದುವೇ ಇದು. ಬಿತ್ತಿಲ್ಲದ್ದ ಕಾರಣ ಬೇರೆ ಅಪ್ಪಲೆ ಎಡಿಯ. ಮಾವ ಗೋಣಿಲಿ ತಂದವು, ಇದು ಕುಪ್ಪಿಲಿ ಬಂತು, ಅಷ್ಟೇ" ಹೇಳಿದೆ. ರಜಾ ಹೊತ್ತು ಆಲೋಚನೆ ಮಾಡಿ "ಅಂಬಗ ಹಳೆ ಗುಂಡಿ ಹತ್ತರೆ ಬೇಡ" ಹೇಳಿದವು.

ಅದು ಸರಿಯಾದ ಮಾತು. ಕುಪ್ಪಿಯ ಗೆಡು ರೋಗ ಇಲ್ಲದ್ದೆ ಬತ್ತು, ಆದರೆ ರೋಗವ ತಡವ ಶಕ್ತಿ ಅದಕ್ಕೆ ಹೊಸತ್ತಾಗಿ ಬತ್ತಿಲ್ಲೆ. ಹಾಂಗಾಗಿ ತೋಟಲ್ಲಿ ನೆಟ್ಟಿದಿಲ್ಲೆ. ಮೇಲಾಣ ಜಾಲಿನ ಕರೆಲಿ, ಮದಲು ಬಾಳೆಯೇ ಇಲ್ಲದ್ದ, ತೋಟದ ನೀರು ಹರುದು ಬಾರದ್ದ ಜಾಗೆಲಿ ಗುಂಡಿ ಮಾಡಿದೆಯೊ. ಅಲ್ಲಿಗೆ ಬೇರೆಯೇ ಪಿಕ್ಕಾಸು. ಮೂರರಲ್ಲಿ ಒಂದು ಮಳೆಗೆ ಕೊಳದು ಹೋತು, ಎರಡು ಎದ್ದಿದು. ಎಲೆದಂಟಿನ ಕರೆ ಕೆಂಪಾಯಿದು. ಗೊನೆ ಇನ್ನೂ ಬರೆಕ್ಕಷ್ಟೆ.

ಸುಳ್ಯದ ಅಕ್ಕಂಗೆ ಕೊಡ್ಲೆ ಹೇಳಿ ಇನ್ನೆರಡು ಕುಪ್ಪಿ ಗೆಡುವಿಂಗೆ ಹೇಳಿ ಮಡುಗಿದ್ದೆ. ಅವರ ಹಟ್ಟಿ ಹಿಂದಾಣ ಬುಡ ಹೋದರೂ ಅವರ ಅತ್ತೆಯ ಬಾಳೆ ಹೋವ್ತಿಲ್ಲೆನ್ನೆ.

ನಿಂಗಳ ಹಿತ್ತಿಲಿಲ್ಲಿಯೂ ಪೇಟೆಲಿ ಸಿಕ್ಕದ್ದ ಏವದಾರು ಬಾಳೆ ಇದ್ದರೆ, ಅದರ ಹೆಸರು, ಎಲ್ಲಿಂದ ಬಂದದು, ಆರು ತಂದದು ಹೇಳಿ ಒಂದು ಪುಸ್ತಕಲ್ಲಿ ಬರದು ಮಡುಗಿ. ಎರಡು ಮನೆಗೆ ಕಂದು ಕೊಡಿ. ಕೊಡುವ ಮದಲು ಆ ಬುಡಲ್ಲಿ ಏವದಾರು ಬಾಳೆ ಬಾಡಿದ್ದೋ ನೋಡಿ, ಸಂಶಯ ಇದ್ದರೆ ಕಡುದು ನೋಡಿ. ಒಳ ಬೆಳಿ ಇರೆಕ್ಕು.